ದುರ್ಯೋಧನ ಇಷ್ಟವಾದರೆ ತಪ್ಪೇ? ದೋಷವುಳ್ಳ ಪಾತ್ರಗಳು ಮತ್ತು ‘ಕವಿಯ ಆಶಯ’ದ ಬೋಧನೆ

ರನ್ನನ ‘ಗದಾಯುದ್ಧ’ದ ಪದ್ಯಭಾಗವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಂಡ ಪ್ರಶಿಕ್ಷಣಾರ್ಥಿಗಳು ತರಗತಿಯಲ್ಲಿ ಒಂದು ಮಾತಿಗೆ ಸಿದ್ಧರಾಗಿರಬೇಕು: “ಸರ್, ನನಗೆ ದುರ್ಯೋಧನನೇ ಇಷ್ಟ.” ಕರಾವಳಿಯಲ್ಲಾದರೆ ಮಕ್ಕಳು ಯಕ್ಷಗಾನದ ಕೌರವನನ್ನು ನೋಡಿ ಬಂದಿರುತ್ತಾರೆ. ಹಳೆಯ ಮೈಸೂರಿನ ಕಡೆಯಾದರೆ ಊರಿನ ‘ಕುರುಕ್ಷೇತ್ರ’ ನಾಟಕದಲ್ಲಿ ದುರ್ಯೋಧನನ ಪಾತ್ರಕ್ಕೆ ಕೈಯಿಂದ ಹಣ ಕಟ್ಟಿ ಬಣ್ಣ ಹಚ್ಚಿದ ದೊಡ್ಡಪ್ಪನೋ ಮಾವನೋ ಮನೆಯಲ್ಲೇ ಇರುತ್ತಾರೆ. ಇವೇನೂ ಇಲ್ಲದಿದ್ದರೂ ಪಠ್ಯದಲ್ಲಿರುವ ಪದ್ಯಗಳೇ ಆ ಮಾತನ್ನು ಹೇಳಿಸುವಷ್ಟು ಬಲವಾಗಿವೆ.

ಈ ಮಾತಿಗೆ ಸಾಮಾನ್ಯವಾಗಿ ಎರಡು ರೀತಿಯ ಉತ್ತರಗಳು ಬರುತ್ತವೆ. ಮೊದಲನೆಯದು ತಿದ್ದುವ ಉತ್ತರ: “ಹಾಗೆಲ್ಲ ಹೇಳಬಾರದು, ಅವನು ಅಧರ್ಮಿ. ಅಧರ್ಮಕ್ಕೆ ಸೋಲಾಗುತ್ತದೆ ಎಂಬುದೇ ಕವಿಯ ಆಶಯ.” ಎರಡನೆಯದು ಬಿಟ್ಟುಬಿಡುವ ಉತ್ತರ: “ಒಳ್ಳೆಯದು, ಅವರವರ ಅಭಿಪ್ರಾಯ ಅವರವರಿಗೆ. ಮುಂದಿನ ಪದ್ಯಕ್ಕೆ ಹೋಗೋಣ.” ಮೊದಲನೆಯದರಲ್ಲಿ ವಿದ್ಯಾರ್ಥಿ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಯುತ್ತಾನೆ. ಎರಡನೆಯದರಲ್ಲಿ, ತನ್ನ ಮಾತಿಗೆ ಕಾರಣ ಕೊಡಬೇಕಾಗಿಲ್ಲ ಎಂಬುದನ್ನು ಕಲಿಯುತ್ತಾನೆ. ಎರಡರಲ್ಲೂ ಪದ್ಯವನ್ನು ಮತ್ತೊಮ್ಮೆ ತೆರೆದು ನೋಡುವ ಕೆಲಸ ಆಗುವುದಿಲ್ಲ.

ಈ ಲೇಖನ ಮೂರನೆಯ ದಾರಿಯೊಂದನ್ನು ವಿವರಿಸುತ್ತದೆ. ದೋಷವುಳ್ಳ ಪಾತ್ರವೊಂದು ಇಷ್ಟವಾಗುವುದು ತಿದ್ದಬೇಕಾದ ತಪ್ಪಲ್ಲ; ಕಾವ್ಯದ ಆಧಾರದಿಂದ ಪರೀಕ್ಷಿಸಬೇಕಾದ ಒಂದು ಹೇಳಿಕೆ. ಆ ಪರೀಕ್ಷೆಯಲ್ಲಿ ಕವಿಯ ಆಶಯ ಒಂದು ಮುಖ್ಯ ಸಾಕ್ಷಿ. ಆದರೆ ಸಾಕ್ಷಿಯನ್ನೇ ನ್ಯಾಯಾಧೀಶನ ಪೀಠದಲ್ಲಿ ಕೂರಿಸಬಾರದು.

‘ಇಷ್ಟ’ ಎಂಬ ಪದದೊಳಗೆ ಏನೇನಿದೆ?

ವಿದ್ಯಾರ್ಥಿ ‘ಇಷ್ಟ’ ಎಂದಾಗ ಅವನ ಮನಸ್ಸಿನಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳಲ್ಲಿ ಯಾವುದಾದರೂ ಇರಬಹುದು. ಮೊದಲನೆಯದು ಕುತೂಹಲ: ಅವನು ರಂಗಕ್ಕೆ ಬಂದರೆ ಕಥೆಗೆ ಕಳೆ ಬರುತ್ತದೆ, ಮುಂದೇನು ಮಾಡುತ್ತಾನೋ ನೋಡಬೇಕೆನಿಸುತ್ತದೆ. ಎರಡನೆಯದು ಮರುಕ: ಅವನ ಪಾಡು ಕಂಡು ಮನಸ್ಸು ಕರಗುತ್ತದೆ. ಮೂರನೆಯದು ಮೆಚ್ಚುಗೆ: ಅವನ ಸ್ನೇಹ, ಅವನ ಎದೆಗಾರಿಕೆ, ಹೀಗೆ ಯಾವುದೋ ಒಂದು ಗುಣ ದೊಡ್ಡದೆನಿಸುತ್ತದೆ. ನಾಲ್ಕನೆಯದು ಸಮ್ಮತಿ: ಅವನು ಮಾಡಿದ್ದು ಸರಿ ಎಂಬ ಒಪ್ಪಿಗೆ.

ಮೊದಲ ಮೂರಕ್ಕೂ ನಾಲ್ಕನೆಯದಕ್ಕೂ ಬಹಳ ದೂರವಿದೆ. ಶಿಕ್ಷಕರು ಬೆಚ್ಚುವುದು ನಾಲ್ಕನೆಯದಕ್ಕೆ. ವಿದ್ಯಾರ್ಥಿ ಸಾಮಾನ್ಯವಾಗಿ ಹೇಳುತ್ತಿರುವುದು ಎರಡನೆಯದನ್ನೋ ಮೂರನೆಯದನ್ನೋ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಇಷ್ಟೇ: “ಅವನಲ್ಲಿ ನಿನಗೆ ಇಷ್ಟವಾದದ್ದು ಯಾವುದು? ಯಾವ ಪದ್ಯದಲ್ಲಿ ಅದು ಕಂಡಿತು?” ಬಹಳ ಸಲ ಈ ಒಂದು ಪ್ರಶ್ನೆಗೇ ಅರ್ಧ ಗೊಂದಲ ಬಗೆಹರಿಯುತ್ತದೆ. “ಕರ್ಣನ ಹೆಣದ ಮುಂದೆ ಅವನು ಅಳುವುದು” ಎಂದು ಹುಡುಗ ಹೇಳಿದರೆ, ಅವನು ದ್ಯೂತಸಭೆಯನ್ನು ಸಮರ್ಥಿಸುತ್ತಿಲ್ಲ ಎಂಬುದು ಶಿಕ್ಷಕರಿಗೂ ತಿಳಿಯುತ್ತದೆ, ಅವನಿಗೂ ತಿಳಿಯುತ್ತದೆ.

ನಮ್ಮ ಕಾವ್ಯಮೀಮಾಂಸೆಗೆ ಈ ವ್ಯತ್ಯಾಸ ಹೊಸದಲ್ಲ. ಕರುಣರಸದ ಸ್ಥಾಯಿಭಾವ ಶೋಕ. ಆ ಶೋಕವನ್ನು ಆಸ್ವಾದಿಸುವಾಗ ಸಹೃದಯನು ‘ಇವನು ನನ್ನವನು, ಅವನು ಶತ್ರು’ ಎಂಬ ಸ್ವಂತದ ಎಣಿಕೆಗಳಿಂದ ಬಿಡುಗಡೆ ಹೊಂದಿರುತ್ತಾನೆ ಎಂಬುದೇ ಸಾಧಾರಣೀಕರಣದ ತಿರುಳು. ತಮ್ಮನನ್ನು ಕಳೆದುಕೊಂಡ ಅಣ್ಣನ ದುಃಖ, ಆ ಅಣ್ಣ ಯಾರೇ ಆಗಿರಲಿ, ದುಃಖವಾಗಿಯೇ ನಮ್ಮನ್ನು ಮುಟ್ಟುತ್ತದೆ. ಹೀಗೆ ಮುಟ್ಟಿತೆಂದ ಮಾತ್ರಕ್ಕೆ ಅವನ ನಡತೆಗೆ ನಾವು ಒಪ್ಪಿಗೆ ಕೊಟ್ಟಂತಲ್ಲ.

ರನ್ನ ಹೇಳಿಕೊಂಡದ್ದು, ಕಾವ್ಯ ಮಾಡಿದ್ದು

ಈಗ ಕವಿಯ ಆಶಯಕ್ಕೆ ಬರೋಣ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ರನ್ನ, ಚಾಲುಕ್ಯ ತೈಲಪನಿಂದ ‘ಕವಿಚಕ್ರವರ್ತಿ’ ಬಿರುದು ಪಡೆದವನು. ತೈಲಪನ ಮಗ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಅವನು ಈ ಕಾವ್ಯವನ್ನು ಬರೆದ. ಕಾವ್ಯಕ್ಕೆ ಅವನಿಟ್ಟ ಇನ್ನೊಂದು ಹೆಸರು ‘ಸಾಹಸಭೀಮವಿಜಯ’. ಹೆಸರಿನಲ್ಲೇ ಆಶಯ ಸ್ಪಷ್ಟವಾಗಿದೆ: ನಾಯಕ ಭೀಮ, ವಿಷಯ ಅವನ ವಿಜಯ. ಕೊನೆಯಲ್ಲಿ ಪಟ್ಟವಾಗುವುದೂ ಭೀಮನಿಗೇ. ಕವಿಯ ಘೋಷಿತ ಆಶಯವೇ ಕೊನೆಯ ಮಾತಾಗಿದ್ದರೆ ಚರ್ಚೆ ಇಲ್ಲಿಗೇ ಮುಗಿಯಬೇಕಾಗಿತ್ತು.

ಆದರೆ ಕಾವ್ಯದೊಳಗೆ ಹೋಗಿ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಹದಿನೆಂಟು ದಿನದ ಯುದ್ಧ ಮುಗಿಯುತ್ತ ಬಂದಿದೆ. ತಂದೆ ತಾಯಿ ಬಂದು ಸಂಧಿ ಮಾಡಿಕೋ ಎಂದು ಬೇಡುತ್ತಾರೆ, ದುರ್ಯೋಧನ ಒಪ್ಪುವುದಿಲ್ಲ. ಸಂಜಯನ ಜೊತೆಗೆ ಹೆಣಗಳ ನಡುವೆ ದಾರಿ ಮಾಡಿಕೊಂಡು ಭೀಷ್ಮನ ಬಳಿಗೆ ಹೊರಡುತ್ತಾನೆ. ದಾರಿಯಲ್ಲಿ ಗುರು ದ್ರೋಣನ ಶವ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಶವ. ಅದಕ್ಕೆ ಅವನು ಕೈಮುಗಿಯುತ್ತಾನೆ. ಸ್ವಂತ ಮಗ ಲಕ್ಷಣಕುಮಾರನ ಶವ, ತಮ್ಮ ದುಶ್ಶಾಸನನ ಶವ, ಕೊನೆಗೆ ಕರ್ಣನ ಶವ. ಭೀಷ್ಮನ ಮುಂದೆ ನಿಂತಾಗಲೂ ತಾನು ಹೋರಾಡುತ್ತಿರುವುದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎಂಬ ನಿಲುವನ್ನು ಅವನು ಬಿಡುವುದಿಲ್ಲ. ವೈಶಂಪಾಯನ ಸರೋವರದಲ್ಲಿ ಅಡಗಿದ್ದವನು ಭೀಮನ ಮೂದಲಿಕೆಗೆ ತಡೆಯಲಾರದೆ ಎದ್ದು ಬರುತ್ತಾನೆ, ತೊಡೆ ಮುರಿದು ಬೀಳುತ್ತಾನೆ.

ಭೀಮನಿಗೆ ಗೆಲುವನ್ನು ಕೊಟ್ಟ ರನ್ನ, ಕಾವ್ಯದ ಅತ್ಯಂತ ತೂಕದ ಸನ್ನಿವೇಶಗಳನ್ನು ಸೋಲುವವನಿಗೆ ಕೊಟ್ಟಿದ್ದಾನೆ. ಅವನನ್ನು ‘ಅಭಿಮಾನಧನ’ ಎಂದು ಕರೆದಿದ್ದಾನೆ. ಓದುಗರೂ ಇದನ್ನು ಗುರುತಿಸಿದ್ದಾರೆ. ಕಾವ್ಯ ಜನರ ಬಾಯಲ್ಲಿ ಉಳಿದದ್ದು ‘ಗದಾಯುದ್ಧ’ವಾಗಿ, ‘ಸಾಹಸಭೀಮವಿಜಯ’ ಎಂಬ ಹೆಸರು ಪಾಠದ ಟಿಪ್ಪಣಿಯಲ್ಲಿ ಉಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಬಿ.ಎಂ.ಶ್ರೀಯವರು ಇದೇ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ರೂಪಿಸಿದಾಗ, ಗ್ರೀಕ್ ದುರಂತ ನಾಟಕಗಳನ್ನು ಬಲ್ಲ ಅವರ ಕಣ್ಣಿಗೆ ದುರ್ಯೋಧನ ದುರಂತನಾಯಕನಾಗಿ ಕಂಡ.

ರನ್ನ ಈ ದಾರಿಯಲ್ಲಿ ಒಬ್ಬಂಟಿಯಲ್ಲ. ಭಾಸನ ‘ಊರುಭಂಗ’ ಸಂಸ್ಕೃತದಲ್ಲಿ ಬಹಳ ಹಿಂದೆಯೇ ತೊಡೆ ಮುರಿದ ದುರ್ಯೋಧನನನ್ನು, ಅವನ ತೊಡೆಯೇರಲು ಬಯಸುವ ಎಳೆಯ ಮಗನನ್ನು ರಂಗಕ್ಕೆ ತಂದಿತ್ತು. ಪಂಪನ ‘ವಿಕ್ರಮಾರ್ಜುನ ವಿಜಯ’ದ ನಾಯಕ ಅರ್ಜುನ, ಅವನಲ್ಲಿ ಪಂಪ ಕಂಡದ್ದು ತನ್ನ ಒಡೆಯ ಅರಿಕೇಸರಿಯನ್ನು. ಆದರೂ ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಹೇಳಿದವನೂ ಪಂಪನೇ. ಭಾರತ ಯಾರಿಂದ ಹಿರಿದಾಯಿತು ಎಂದು ಎಣಿಸುವಾಗ ಅವನ ಪಟ್ಟಿ ಆರಂಭವಾಗುವುದು ಛಲಕ್ಕೆ ಹೆಸರಾದ ದುರ್ಯೋಧನನಿಂದ. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದ ರಾವಣ ಸೀತೆಯ ಸ್ಥಿತಿಯನ್ನು ಕಂಡು ಮನಸ್ಸು ಬದಲಿಸುತ್ತಾನೆ, ಆದರೆ ಯುದ್ಧದಲ್ಲಿ ಗೆದ್ದ ಮೇಲೆಯೇ ಅವಳನ್ನು ಒಪ್ಪಿಸುತ್ತೇನೆಂಬ ಅಭಿಮಾನಕ್ಕೆ ಬಲಿಯಾಗುತ್ತಾನೆ. ದೋಷವುಳ್ಳವನ ಎದೆಯನ್ನು ತೆರೆದು ತೋರಿಸುವುದು ಕನ್ನಡ ಕಾವ್ಯ ಬಹಳ ಹಿಂದಿನಿಂದ ಮಾಡಿಕೊಂಡು ಬಂದಿರುವ ಕೆಲಸ. ದುರ್ಯೋಧನ ಇಷ್ಟ ಎನ್ನುವ ವಿದ್ಯಾರ್ಥಿ ಆ ಪರಂಪರೆಗೇ ಸ್ಪಂದಿಸುತ್ತಿದ್ದಾನೆ.

ಆಶಯದ ಮೂರು ಬಗೆ

‘ಕವಿಯ ಆಶಯ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಸಂಗತಿಗಳನ್ನು ಬೆರೆಸುತ್ತೇವೆ. ಅವನ್ನು ಬಿಡಿಸಿಕೊಂಡರೆ ಪಾಠ ಸುಲಭವಾಗುತ್ತದೆ.

ಒಂದು, ಘೋಷಿತ ಆಶಯ. ಕಾವ್ಯದ ಹೆಸರು, ಪೀಠಿಕೆಯ ಮಾತು, ಆಶ್ರಯದಾತನ ಸ್ತುತಿ ಇವುಗಳಲ್ಲಿ ಕವಿ ತಾನೇ ಹೇಳಿಕೊಂಡದ್ದು. ರನ್ನನಲ್ಲಿ ಇದು ಭೀಮನ ವಿಜಯ. ಇದಕ್ಕೆ ಆಧಾರವಿದೆ, ಬೆಲೆಯಿದೆ. ಇದನ್ನು ಬಿಟ್ಟು ಪಾಠ ಮಾಡಿದರೆ ಆ ಕಾಲದ ಆಸ್ಥಾನಕ್ಕೂ ಕಾವ್ಯಕ್ಕೂ ಇದ್ದ ನಂಟು ವಿದ್ಯಾರ್ಥಿಗೆ ಕಾಣುವುದಿಲ್ಲ.

ಎರಡು, ಕೃತಿಯಲ್ಲಿ ಕಾಣುವ ಆಶಯ. ಯಾರಿಗೆ ಎಷ್ಟು ಪದ್ಯ, ಯಾರ ಕಣ್ಣಿನಿಂದ ರಣರಂಗವನ್ನು ನೋಡುತ್ತೇವೆ, ಯಾರ ಬಾಯಿಗೆ ಯಾವ ಮಾತು, ಕವಿ ಯಾರಿಗೆ ಯಾವ ವಿಶೇಷಣ ಕೊಟ್ಟಿದ್ದಾನೆ ಎಂಬುದರಿಂದ ತಿಳಿಯುವಂಥದು. ಇದನ್ನು ಪದ್ಯ ಹಿಡಿದು ತೋರಿಸಬಹುದು.

ಮೂರು, ಊಹೆಯ ಆಶಯ. ‘ರನ್ನನಿಗೆ ಒಳಗೊಳಗೇ ಭೀಮನೆಂದರೆ ಆಗುತ್ತಿರಲಿಲ್ಲ’, ‘ಸತ್ಯಾಶ್ರಯನನ್ನು ಅವನು ಮರೆಯಲ್ಲಿ ಚುಚ್ಚಿದ್ದಾನೆ’ ಎಂಬಂಥ ಮಾತುಗಳು. ಸತ್ತು ಸಾವಿರ ವರ್ಷವಾದ ಕವಿಯ ಮನಸ್ಸಿನೊಳಗೆ ನಾವು ಹೊಕ್ಕು ಬಂದವರಂತೆ ಮಾತಾಡುವುದು. ಇದಕ್ಕೆ ಆಧಾರ ಕೇಳಿದರೆ ಉತ್ತರ ಇರುವುದಿಲ್ಲ.

ಪಾಶ್ಚಾತ್ಯ ವಿಮರ್ಶೆಯಲ್ಲೂ ಇದೇ ವಾಗ್ವಾದ ನಡೆದಿದೆ. ಕೃತಿಯ ಬೆಲೆ ಕಟ್ಟಲು ಕರ್ತೃವಿನ ಉದ್ದೇಶ ನಮಗೆ ದೊರೆಯುವಂಥದೂ ಅಲ್ಲ, ಅಳತೆಗೋಲಾಗಬೇಕಾದದ್ದೂ ಅಲ್ಲ ಎಂದು ವಿಮ್ಸಾಟ್ ಮತ್ತು ಬಿಯರ್ಡ್‌ಸ್ಲಿ 1946ರ ತಮ್ಮ ಪ್ರಬಂಧದಲ್ಲಿ ವಾದಿಸಿದರು. 1967ರಲ್ಲಿ ಫ್ರಾನ್ಸಿನ ರೋಲಾ ಬಾರ್ತ್ ಲೇಖಕನ ಮರಣವನ್ನೇ ಘೋಷಿಸಿ ಅರ್ಥದ ಹೊಣೆಯನ್ನು ಓದುಗನಿಗೆ ವಹಿಸಿದರು. ಅದೇ ವರ್ಷ ಅಮೆರಿಕದ ಹಿರ್ಷ್, ಲೇಖಕ ಉದ್ದೇಶಿಸಿದ ಅರ್ಥವನ್ನು ಕೈಬಿಟ್ಟರೆ ಒಂದು ಓದು ಸರಿ, ಇನ್ನೊಂದು ತಪ್ಪು ಎನ್ನಲು ನಮಗೆ ನೆಲೆಯೇ ಉಳಿಯುವುದಿಲ್ಲ ಎಂದು ಪ್ರತಿವಾದ ಮಾಡಿದರು.

ಇವರೆಲ್ಲರಿಗಿಂತ ನಮ್ಮ ಪಾಠಕ್ಕೆ ಹೆಚ್ಚು ಹತ್ತಿರವಾದದ್ದು ಮಿಲ್ಟನ್ನನ ಸೈತಾನನ ಪ್ರಸಂಗ. ‘ಪ್ಯಾರಡೈಸ್ ಲಾಸ್ಟ್’ 1667ರಲ್ಲಿ ಪ್ರಕಟವಾಯಿತು. ದೇವರ ನಡೆಯನ್ನು ಮನುಷ್ಯರಿಗೆ ಸಮರ್ಥಿಸಿ ತೋರುವುದು ಅದರ ಘೋಷಿತ ಉದ್ದೇಶ. ಆದರೆ ಓದುಗರನ್ನು ಸೆಳೆದವನು ಸೈತಾನ. ಮಿಲ್ಟನ್ ತನಗೇ ತಿಳಿಯದಂತೆ ಸೈತಾನನ ಪಕ್ಷದವನಾಗಿದ್ದ ಎಂದು ಕವಿ ಬ್ಲೇಕ್ ಹೇಳಿದ. 1967ರಲ್ಲಿ ಸ್ಟ್ಯಾನ್ಲಿ ಫಿಶ್ ಬೇರೆಯದೇ ಉತ್ತರ ಕೊಟ್ಟರು: ಓದುಗ ಸೈತಾನನ ಮಾತಿಗೆ ಮರುಳಾಗುವುದೇ ಕಾವ್ಯದ ತಂತ್ರ, ಹಾಗೆ ಮರುಳಾದಾಗ ತಾನೂ ಜಾರಬಲ್ಲೆ ಎಂಬುದು ಅವನಿಗೆ ಗೊತ್ತಾಗುತ್ತದೆ. ಇಬ್ಬರಲ್ಲಿ ಯಾರೂ ಓದುಗನ ಇಷ್ಟವನ್ನು ಅಲ್ಲಗಳೆಯಲಿಲ್ಲ. ಅದು ಹೇಗೆ ಹುಟ್ಟಿತು, ಏನು ಕೆಲಸ ಮಾಡುತ್ತದೆ ಎಂದು ಕೇಳಿದರು. ತರಗತಿಯಲ್ಲಿ ನಮಗೆ ಬೇಕಾದದ್ದೂ ಇದೇ ಪ್ರಶ್ನೆ.

ಪಠ್ಯಪುಸ್ತಕದ ಕತ್ತರಿ

ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ರನ್ನನ ಕಥನಕ್ರಮಕ್ಕೆ ಸಿಂಹಾವಲೋಕನ ಎಂದು ಹೆಸರು. ಮುಂದೆ ನಡೆಯುವ ಸಿಂಹ ಹಿಂದಿರುಗಿ ನೋಡುವಂತೆ, ಕೊನೆಯ ದಿನದ ಕಥೆಯೊಳಗೆ ಅವನು ಇಡೀ ಭಾರತವನ್ನು ತಿರುಗಿ ನೋಡುತ್ತಾನೆ. ದ್ರೌಪದಿಯ ಅವಮಾನ, ಭೀಮನ ಪ್ರತಿಜ್ಞೆ ಎಲ್ಲವೂ ಆ ನೋಟದಲ್ಲಿ ಬರುತ್ತವೆ. ಪೂರ್ಣ ಕಾವ್ಯವನ್ನು ಓದುವವನಿಗೆ ಅಳುವ ದುರ್ಯೋಧನನೂ ಅಳಿಸಿದ ದುರ್ಯೋಧನನೂ ಒಟ್ಟಿಗೆ ಸಿಗುತ್ತಾರೆ.

ಪಠ್ಯಪುಸ್ತಕಕ್ಕೆ ಬರುವುದು ಕೆಲವೇ ಪದ್ಯಗಳು. ಅವು ಬಹುಮಟ್ಟಿಗೆ ಛಲದ ಮಾತು ಅಥವಾ ಶೋಕದ ಮಾತು ಇರುವ ಭಾಗಗಳು. ಹಾಗಾಗಿ ವಿದ್ಯಾರ್ಥಿಗೆ ಸಿಗುವವನು ಹಿನ್ನೆಲೆ ಕತ್ತರಿಸಿದ ದುರ್ಯೋಧನ. ಅವನ ಇಷ್ಟದ ಒಂದು ಪಾಲು ರನ್ನನದು, ಒಂದು ಪಾಲು ಆಯ್ದ ಸಂಪಾದಕರದು. ಶಿಕ್ಷಕರು ಇದನ್ನು ಬಾಯಿಬಿಟ್ಟು ಹೇಳಬೇಕು: “ನಮ್ಮ ಪುಸ್ತಕದಲ್ಲಿರುವುದು ದೊಡ್ಡ ಕಾವ್ಯದ ಒಂದು ತುಣುಕು. ಈ ತುಣುಕಿನ ಹಿಂದೆ ಒಂದು ಸಭೆಯಿದೆ, ಆ ಸಭೆಯಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ.” ಹಾಗೆ ಹೇಳಿದ ಮೇಲೂ ದುರ್ಯೋಧನನ ಮೇಲೆ ಮರುಕ ಉಳಿದರೆ, ಅದು ತಿಳಿದು ಉಳಿದ ಮರುಕ. ಹೇಳದೆ ಇದ್ದರೆ ಅದು ತಿಳಿಯದ ಮರುಕ. ಎರಡರ ಬೆಲೆ ಒಂದೇ ಅಲ್ಲ.

ದ್ರೌಪದಿಯ ಕಡೆಯ ಪ್ರಶ್ನೆಯನ್ನು ಯಾರೂ ಎತ್ತದಿದ್ದರೆ ಶಿಕ್ಷಕರೇ ಎತ್ತಬೇಕು. ದುರ್ಯೋಧನ ತನ್ನವರಿಗಾಗಿ ಅಳುವಾಗ ಅವನ ನೆನಪಿನಲ್ಲಿ ದ್ರೌಪದಿಗೆ ಜಾಗವಿದೆಯೇ? ಅವನ ಸ್ನೇಹ ದೊಡ್ಡದು, ಸರಿ. ಆ ಸ್ನೇಹದ ಆಚೆಗಿದ್ದವರ ಗತಿಯೇನು? ಈ ಪ್ರಶ್ನೆಗಳಿಂದ ಪಾತ್ರ ಚಿಕ್ಕದಾಗುವುದಿಲ್ಲ. ಅದರ ದೋಷ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ಎರಡು ಆಕ್ಷೇಪಗಳು

ಆಶಯವೇ ಕೊನೆಯ ಮಾತಲ್ಲ ಎಂದರೆ ಯಾರು ಏನು ಬೇಕಾದರೂ ಹೇಳಬಹುದಲ್ಲ ಎಂಬುದು ಮೊದಲ ಆಕ್ಷೇಪ. ಹಾಗಾಗುವುದಿಲ್ಲ. ‘ದುರ್ಯೋಧನ ಯಾವ ತಪ್ಪನ್ನೂ ಮಾಡಿಲ್ಲ’ ಎಂಬ ಓದು ಕಾವ್ಯದೆದುರು ನಿಲ್ಲುವುದಿಲ್ಲ. ರನ್ನನ ಹಿನ್ನೋಟವೇ ಅದನ್ನು ತಳ್ಳಿಹಾಕುತ್ತದೆ. ‘ಭೀಮ ಕೇವಲ ಕ್ರೂರಿ’ ಎಂಬ ಓದೂ ನಿಲ್ಲುವುದಿಲ್ಲ. ಅವನ ಕೋಪಕ್ಕೆ ಕಾವ್ಯ ಕಾರಣ ಕೊಟ್ಟಿದೆ. ‘ಅವನು ತಪ್ಪಿತಸ್ಥ, ಆದರೂ ಅವನ ಕೊನೆ ನನ್ನನ್ನು ಕಲಕುತ್ತದೆ’ ಎಂಬ ಓದು ನಿಲ್ಲುತ್ತದೆ. ಪದ್ಯಗಳು ಅದಕ್ಕೆ ಆಧಾರ ಕೊಡುತ್ತವೆ. ಹಲವು ಓದುಗಳು ಸಾಧ್ಯ, ಎಲ್ಲವೂ ಸಾಧ್ಯವಲ್ಲ. ಯಾವುದು ಸಾಧ್ಯ ಎಂಬುದನ್ನು ಕೃತಿ ನಿರ್ಣಯಿಸುತ್ತದೆ.

ಮೌಲ್ಯಶಿಕ್ಷಣದ ದೃಷ್ಟಿಯಿಂದ ಬರುವುದು ಎರಡನೆಯ ಆಕ್ಷೇಪ: ಖಳನನ್ನು ಇಷ್ಟಪಡಲು ಬಿಟ್ಟರೆ ಮಕ್ಕಳು ಕೆಡುವುದಿಲ್ಲವೇ? ವಿದ್ಯಾರ್ಥಿಗಳು ಸಿನಿಮಾದಲ್ಲಿ, ಊರಿನಲ್ಲಿ, ಸುದ್ದಿಯಲ್ಲಿ ಇಂಥ ಸೆಳೆತವನ್ನು ದಿನವೂ ಎದುರಿಸುತ್ತಾರೆ. ಗೆಳೆಯರಿಗೆ ಪ್ರಾಣ ಕೊಡುವ, ಮಾತಿಗೆ ತಪ್ಪದ, ಹಾಗಿದ್ದೂ ಹಲವರಿಗೆ ಅನ್ಯಾಯ ಮಾಡಿದ ಮನುಷ್ಯನನ್ನು ಹೇಗೆ ಅಳೆಯಬೇಕು ಎಂಬುದು ಅವರ ಮುಂದಿನ ಬದುಕಿನ ಪ್ರಶ್ನೆ. ಛಲ ಎಲ್ಲಿಯವರೆಗೆ ಗುಣ, ಎಲ್ಲಿಂದ ಮುಂದೆ ಹಟ? ಒಬ್ಬನ ಛಲಕ್ಕೆ ಎಷ್ಟು ಮನೆಗಳ ಮಕ್ಕಳು ರಣರಂಗದಲ್ಲಿ ಬಿದ್ದರು? ಸೆಳೆತವನ್ನು ಅನುಭವಿಸಿ, ಅದಕ್ಕೆ ಕಾರಣ ಹುಡುಕಿ, ಅದರ ಮಿತಿಯನ್ನು ಕಾಣುವ ಅಭ್ಯಾಸ ಮಾಡಿಸಲು ತರಗತಿಗಿಂತ ಸುರಕ್ಷಿತ ಜಾಗವಿಲ್ಲ. ‘ಅವನು ಕೆಟ್ಟವನು, ಬರೆದುಕೊಳ್ಳಿ’ ಎಂದು ಮುಗಿಸಿದರೆ ಈ ಅಭ್ಯಾಸಕ್ಕೆ ಅವಕಾಶವೇ ಸಿಗುವುದಿಲ್ಲ.

ಒಂದು ಅವಧಿಯ ಕ್ರಮ

ನಲವತ್ತು ನಿಮಿಷದ ಒಂದು ಅವಧಿಗೆ ಕೆಳಗಿನ ಕ್ರಮವನ್ನು ಪಾಠಯೋಜನೆಯಲ್ಲಿ ಅಳವಡಿಸಬಹುದು. ಪದ್ಯಗಳ ವಾಚನ ಮತ್ತು ಅರ್ಥವಿವರಣೆ ಹಿಂದಿನ ಅವಧಿಗಳಲ್ಲಿ ಮುಗಿದಿರಬೇಕು. ಹಳಗನ್ನಡದ ಅರ್ಥ ತಿಳಿಯದ ಮಕ್ಕಳ ನಡುವೆ ನಡೆಸುವ ಚರ್ಚೆ ಪದ್ಯವನ್ನು ಬಿಟ್ಟು ಹೊರಟುಬಿಡುತ್ತದೆ.

ಮೊದಲ ಐದು ನಿಮಿಷ: ಪ್ರತಿಯೊಬ್ಬರೂ ‘ಈ ಪಾಠದ ದುರ್ಯೋಧನನ ಬಗ್ಗೆ ನನಗೆ ಅನಿಸಿದ್ದು’ ಎಂದು ಎರಡು ಸಾಲು ಬರೆಯಲಿ. ಮೊದಲು ಬರೆಸುವುದು ಮುಖ್ಯ. ಇಲ್ಲವಾದರೆ ದೊಡ್ಡ ದನಿಯ ನಾಲ್ವರ ಅಭಿಪ್ರಾಯವೇ ತರಗತಿಯ ಅಭಿಪ್ರಾಯವಾಗುತ್ತದೆ.

ಮುಂದಿನ ಹದಿನೈದು ನಿಮಿಷ: ಕರಿಹಲಗೆಯಲ್ಲಿ ನಾಲ್ಕು ಅಂಕಣ. ಅವನು ಮಾಡಿದ್ದು, ಅವನು ಆಡಿದ ಮಾತು, ಬೇರೆಯವರು ಅವನಿಗೆ ಹೇಳಿದ್ದು, ಕವಿ ಅವನಿಗೆ ಕೊಟ್ಟ ವಿಶೇಷಣ. ಗುಂಪುಗಳು ಪದ್ಯದ ಸಂಖ್ಯೆಯೊಡನೆ ತುಂಬಬೇಕು. ‘ಮಾಡಿದ್ದು’ ಎಂಬ ಅಂಕಣಕ್ಕೆ ಪಠ್ಯದಲ್ಲಿಲ್ಲದ ಪೂರ್ವಕಥೆಯನ್ನು ಶಿಕ್ಷಕರು ಸಂಕ್ಷೇಪವಾಗಿ ಸೇರಿಸಲಿ.

ನಂತರದ ಹತ್ತು ನಿಮಿಷ: ರನ್ನ, ಸತ್ಯಾಶ್ರಯ, ಕಾವ್ಯದ ಎರಡು ಹೆಸರು ಇವುಗಳ ಪರಿಚಯ. ಈ ಮಾಹಿತಿಯನ್ನು ಆರಂಭದಲ್ಲೇ ಕೊಟ್ಟರೆ ಮಕ್ಕಳು ಅದನ್ನೇ ಉತ್ತರವೆಂದು ತಿಳಿದು ಪದ್ಯ ನೋಡುವುದನ್ನು ನಿಲ್ಲಿಸುತ್ತಾರೆ. ಪದ್ಯ ನೋಡಿದ ಮೇಲೆ ಕೊಟ್ಟರೆ, “ಹಾಗಾದರೆ ಭೀಮನ ಕಾವ್ಯದಲ್ಲಿ ದುರ್ಯೋಧನನಿಗೆ ಇಷ್ಟು ಜಾಗ ಏಕೆ?” ಎಂದು ಅವರೇ ಕೇಳುತ್ತಾರೆ.

ಕೊನೆಯ ಹತ್ತು ನಿಮಿಷ: ಮೊದಲು ಬರೆದ ಎರಡು ಸಾಲನ್ನು ಮತ್ತೆ ಓದಿ, ಕುತೂಹಲ, ಮರುಕ, ಮೆಚ್ಚುಗೆ, ಸಮ್ಮತಿ ಇವುಗಳಲ್ಲಿ ತಮ್ಮದು ಯಾವುದು ಎಂದು ಗುರುತಿಸಿ, ಒಂದು ಪದ್ಯದ ಆಧಾರ ಕೊಟ್ಟು ತಿದ್ದಿ ಬರೆಯಲಿ. ಅಭಿಪ್ರಾಯ ಬದಲಾಗಲೇಬೇಕೆಂದಿಲ್ಲ. ಆಧಾರ ಸೇರಿರಬೇಕು.

ಪ್ರಶ್ನೆ ಮತ್ತು ಮೌಲ್ಯಮಾಪನ

‘ಈ ಪದ್ಯಭಾಗದಲ್ಲಿ ಕವಿಯ ಆಶಯವೇನು? ವಿವರಿಸಿ’ ಎಂಬ ಪ್ರಶ್ನೆ ನಮ್ಮ ಪ್ರಶ್ನೆಪತ್ರಿಕೆಗಳಿಗೆ ಅಂಟಿಕೊಂಡಿದೆ. ಅದಕ್ಕೆ ಬರುವ ಉತ್ತರಗಳು ಮಾರ್ಗದರ್ಶಿ ಪುಸ್ತಕದ ಒಂದೇ ಅಚ್ಚಿನಿಂದ ಬಂದಂತಿರುತ್ತವೆ. ಅದರ ಜಾಗದಲ್ಲಿ ಹೀಗೆ ಕೇಳಬಹುದು: ‘ಕಾವ್ಯದ ನಾಯಕ ಭೀಮನಾದರೂ ಈ ಭಾಗದಲ್ಲಿ ದುರ್ಯೋಧನ ನಮ್ಮ ಗಮನ ಸೆಳೆಯುವಂತೆ ರನ್ನ ಏನು ಮಾಡಿದ್ದಾನೆ? ಎರಡು ಉದಾಹರಣೆ ಕೊಡಿ.’ ಅಥವಾ: ‘ದುರ್ಯೋಧನನ ಛಲವನ್ನು ನೀವು ಮೆಚ್ಚುತ್ತೀರಾ? ನಿಮ್ಮ ನಿಲುವಿಗೆ ಪದ್ಯದಿಂದ ಒಂದು ಆಧಾರವನ್ನೂ, ನಿಮ್ಮ ನಿಲುವಿಗೆ ವಿರುದ್ಧವಾಗಿ ಹೇಳಬಹುದಾದ ಒಂದು ಮಾತನ್ನೂ ಬರೆಯಿರಿ.’ ಇಲ್ಲಿ ಅಂಕ ಹೋಗಬೇಕಾದದ್ದು ನಿಲುವಿಗಲ್ಲ, ಆಧಾರಕ್ಕೆ ಮತ್ತು ಎದುರು ವಾದವನ್ನು ಗುರುತಿಸಿದ್ದಕ್ಕೆ. ಇದನ್ನು ಅಂಕ ಹಂಚಿಕೆಯಲ್ಲಿ ಮೊದಲೇ ಬರೆದಿಟ್ಟರೆ, ಮೆಚ್ಚುತ್ತೇನೆ ಎಂದ ವಿದ್ಯಾರ್ಥಿಗೂ ಮೆಚ್ಚುವುದಿಲ್ಲ ಎಂದ ವಿದ್ಯಾರ್ಥಿಗೂ ಒಂದೇ ನ್ಯಾಯ ಸಿಗುತ್ತದೆ.

ಪಾಠವೀಕ್ಷಣೆ ಮಾಡುವ ಅಧ್ಯಾಪಕರು ಇಂಥ ಪಾಠದಲ್ಲಿ ಎರಡು ಅಂಶಗಳನ್ನು ಗುರುತು ಹಾಕಿಕೊಳ್ಳಬಹುದು. ಅನಿರೀಕ್ಷಿತ ಅಭಿಪ್ರಾಯ ಬಂದಾಗ ಪ್ರಶಿಕ್ಷಣಾರ್ಥಿ ಮರುಪ್ರಶ್ನೆ ಕೇಳಿದರೇ ಅಥವಾ ತೀರ್ಪು ಕೊಟ್ಟರೇ? ಚರ್ಚೆಯ ನಡುವೆ ಎಷ್ಟು ಸಲ ತರಗತಿ ಪುಸ್ತಕಕ್ಕೆ ಮರಳಿತು? ಇದೇ ಎರಡು ಅಂಶಗಳನ್ನು ನಾಗಚಂದ್ರನ ರಾವಣನ ಪಾಠಕ್ಕೂ, ಪಂಪನ ಕರ್ಣನ ಪಾಠಕ್ಕೂ, ಗದ್ಯಭಾಗದಲ್ಲಿ ಬರುವ ಇಂದಿನ ಕಥೆ ಕಾದಂಬರಿಗಳ ಪಾತ್ರಗಳಿಗೂ ಬಳಸಬಹುದು.